ಸೀಸೆ ತಂದ ಬಗೆ

ಬೆಚ್ಚಗಿದೆ, ಈ ಸಲ ಬೆಚ್ಚಗಿದೆ, ಗೂಡಿನಿಂದ ಆಗಷ್ಟೇ ತೆಗೆದ ಮೊಟ್ಟೆಯ ಹಾಗೆ ಆ ಪುಟ್ಟ ಗಾಜಿನ ಸೀಸೆ ಶಿವಪುತ್ರಪ್ಪನ ಅಂಗೈಯಲ್ಲಿ ಬೆಚ್ಚಗಿದೆ, ಹೊರಮೈ ಒಣಗಿದೆ, ಮುಚ್ಚಳ ಬಿಗಿಯಾಗಿದೆ, ಚೀಟಿಯ ಮೇಲೆ ವೀರ್ಯ ತಪಾಸಣೆ, ಚೆನ್ನಯ, ವಯಸ್ಸು ಮೂವತ್ತೆರಡು, ಅಂಧೇರಿ, ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ, ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ — ಪ್ರಯೋಗಶಾಲೆಯ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ, ಒಂಬತ್ತೂ ಇಪ್ಪತ್ತಕ್ಕೆ ಹಿಡಿದದ್ದು ಅಂದನಲ್ಲ, ಅಂದರೆ ಐವತ್ತು ನಿಮಿಷ, ತಾಸಿನೊಳಗೆ ಬಂತು, ಇರು, ಇನ್ನೊಮ್ಮೆ ಲೆಕ್ಕ ಹಾಕು, ಇಪ್ಪತ್ತರಿಂದ ಅರವತ್ತಕ್ಕೆ ನಲವತ್ತು, ಮೇಲೆ ಹತ್ತು, ಹೌದು ಐವತ್ತೇ. ಹೊಟ್ಟೆಗೆ ಕಟ್ಟಿಕೊಂಡೇ ತಂದದ್ದು ಮಾರಾಯ್ರೆ, ಬನಿಯನ್ನಿನ ಒಳಗೆ, ಲೋಕಲ್ ರೈಲಿನಲ್ಲಿ ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡುವುದು, ಒಬ್ಬ ಕೇಳಿಯೇಬಿಟ್ಟ, ಕ್ಯಾ ಅಣ್ಣಾ, ಸೋನಾ ಹೈ ಕ್ಯಾ, ನಾನು ಹೌದು, ಚಿನ್ನವೇ ಅಂದೆ — ಎಂದು ಕಿಟಕಿಯಾಚೆ ನಿಂತು ಚೆನ್ನಯ ನಕ್ಕಿದ್ದ, ನಕ್ಕ ಬಾಯಿ ಹಾಗೇ ನಿಂತಿತ್ತು, ಯಾಕೆಂದರೆ ಅವನ ಹಿಂದೆ ಬೆಂಚಿನ ಮೇಲೆ ದೂಜ ಕೂತಿದ್ದ, ಚೆನ್ನಯನ ಹೆಂಡತಿ ವಾರಿಜಾಳ ಸೋದರಮಾವ, ಉಡುಪಿ ಕಡೆಯಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಬಂದವನು, ಬಿಳಿ ಪಂಚೆ, ತೊಡೆಯ ಮೇಲೆ ಮಡಚಿಟ್ಟ ಎರಡು ದೊಡ್ಡ ಕೈ, ಸೋದರಸೊಸೆಯನ್ನು ವಾಪಸು ಕರೆದೊಯ್ಯಲು ಬಂದವನು. ಅವರ ಕಡೆ ಕುಟುಂಬ ಹೆಣ್ಣಿನಿಂದ ಬೆಳೆಯುವುದಂತೆ, ಹುಟ್ಟಿದ ಮಗು ತಾಯಿಯ ಮನೆತನಕ್ಕೆ ಸೇರಿದ್ದಂತೆ, ಗಂಡನಿಂದ ಆಗುವುದಿಲ್ಲ ಎಂದು ಖಾತ್ರಿಯಾದರೆ ಹಿರಿಯರು ಕೂತು ಬಿಡುಗಡೆ ಮಾಡಿಸಿ ಹುಡುಗಿಗೆ ಬೇರೆ ಮದುವೆ ಮಾಡುತ್ತಾರಂತೆ. ನಮ್ಮ ಕಡೆ ಆಗಿದ್ದರೆ ಗಂಡಿನ ತಪಾಸಣೆಯನ್ನೇ ಯಾರೂ ಮಾಡಿಸುತ್ತಿರಲಿಲ್ಲ, ಹೆಣ್ಣನ್ನು ತವರಿಗೆ ಕಳಿಸಿ ಇನ್ನೊಬ್ಬಳನ್ನು ತರುತ್ತಿದ್ದರು ಎಂದುಕೊಂಡ ಶಿವಪುತ್ರಪ್ಪ, ಸೀಸೆಯನ್ನು ಬಿಸಿನೀರಿನ ಪೆಟ್ಟಿಗೆಯ ಮೂವತ್ತೇಳು ಡಿಗ್ರಿಗೆ ಇಳಿಸಿದ. ಇಪ್ಪತ್ತು ನಿಮಿಷ ಕಾಯಬೇಕು. ಬಂದ ಹೊಸದರಲ್ಲಿ ಅದು ಗಂಜಿಯ ಹಾಗೆ ಗಟ್ಟಿ, ಆಮೇಲೆ ತಾನೇ ನೀರಾಗುತ್ತದೆ, ನೀರಾಗದೆ ನೋಡಿದರೆ ತಪ್ಪು ಕಾಣುತ್ತದೆ, ಮತ್ತೆ ತಪ್ಪು ಬೇಡ, ಇನ್ನೊಂದು ತಪ್ಪು ಬೇಡ.

ಇಪ್ಪತ್ತು ನಿಮಿಷ, ಕೈ ತೊಳೆದ, ಗಾಜಿನ ಪಟ್ಟಿ ಒರೆಸಿದ, ಒರೆಸಿದ್ದನ್ನೇ ಬೆಳಕಿಗೆ ಹಿಡಿದು ಮತ್ತೆ ಒರೆಸಿದ — ಇದನ್ನೆಲ್ಲ ಅವನಿಗೆ ಯಾರು ಕಲಿಸಿದ್ದು, ಕನ್ನಡ ರಾತ್ರಿಶಾಲೆಯಲ್ಲಂತೂ ಅಲ್ಲ, ಅಲ್ಲಿ ಸಂತಾನೋತ್ಪತ್ತಿಯ ಹನ್ನೊಂದನೆಯ ಪಾಠ ಬಂದಾಗ ಮಾಸ್ತರು ಪುಸ್ತಕ ಮಗುಚಿಟ್ಟು, ಇದನ್ನ ಮನ್ಯಾಗ ಓದ್ಕೊಳ್ರಿ, ಪರೀಕ್ಷಾಕ್ಕ ಬರೂದಿಲ್ಲ, ಅಂದಿದ್ದರು, ಅಷ್ಟೂ ಜನ ಮಿಲ್ಲಿನವರು, ಹೋಟೆಲಿನವರು, ಹಡಗುಕಟ್ಟೆಯಲ್ಲಿ ಮೂಟೆ ಹೊರುವವರು, ಅರ್ಧಕ್ಕರ್ಧ ಮಂದಿ ಮಕ್ಕಳ ತಂದೆಯರು, ಹಿಂದಿನ ಬೆಂಚಿನಿಂದ ನಿಂಗಣ್ಣ, ಮನ್ಯಾಗ ಓದಿದ್ದಕ್ಕ ಐದು ಆದುವ್ರಿ ಮಾಸ್ತರ, ಎಂದು ಕೂಗಿ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಶಿವಪುತ್ರಪ್ಪ ನಕ್ಕಿರಲಿಲ್ಲ, ಮನೆಗೆ ಹೋಗಿ ಓದಿಯೇ ಓದಿದ್ದ, ಮಾಸ್ತರು ಹೇಳಿದ ಮೇಲೆ ಓದಬೇಕಲ್ಲ. ಆಮೇಲೆ ಸಂಜೆಯ ಲ್ಯಾಬ್ ಕೋರ್ಸು, ಹಗಲೆಲ್ಲ ಇದೇ ಆಸ್ಪತ್ರೆಯಲ್ಲಿ ಸೀಸೆ ತೊಳೆಯುವುದು, ಆರು ಗಂಟೆಗೆ ದಾದರಿನ ಕ್ಲಾಸು, ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ಡಿಕ್ಷನರಿ, ಒಂದು ಸಾಲಿಗೆ ನಾಲ್ಕು ಶಬ್ದ ಹುಡುಕುವುದು, ಹುಡುಕಿ ಹುಡುಕಿ ಒಳಗಿನ ಊರೊಂದು ಕಣ್ಣೆದುರು ಎದ್ದು ನಿಂತದ್ದು: ವೃಷಣದೊಳಗೆ ನೂಲಿನ ಉಂಡೆಗಳ ಹಾಗೆ ಸುತ್ತಿದ ಸಣ್ಣ ಸಣ್ಣ ನಾಳ, ವೀರ್ಯಾಣುಗಳು ಅಲ್ಲಿ ಹುಟ್ಟಿ ಬೆಳೆಯಲು ಎಪ್ಪತ್ತು ದಿನದ ಮೇಲೆ, ಆಮೇಲೆ ಅದರ ಬೆನ್ನಿಗಂಟಿದ ಇನ್ನೊಂದು ನಾಳ, ಬಿಚ್ಚಿ ಎಳೆದರೆ ಇಪ್ಪತ್ತು ಅಡಿ, ಸುತ್ತಿಟ್ಟರೆ ಕಿರುಬೆರಳಿನಷ್ಟು, ಅದರೊಳಗೆ ಹಾಯುತ್ತಾ ಹಾಯುತ್ತಾ ಈಜಲು ಬರುತ್ತದೆ ಅವಕ್ಕೆ, ಹುಟ್ಟಿದಾಗ ಬರುವುದಿಲ್ಲ, ದಾರಿಯಲ್ಲಿ ಕಲಿಯುತ್ತವೆ, ಅವನ ಹಾಗೆಯೇ, ಸಂಜೆಯ ಕ್ಲಾಸಿನವು. ಅಲ್ಲಿಂದ ಮೇಲೆ ಹೊಟ್ಟೆಯೊಳಕ್ಕೆ ಹತ್ತಿ, ಮೂತ್ರಚೀಲವನ್ನು ಬಳಸಿಕೊಂಡು ಇಳಿಯುವ ವೀರ್ಯನಾಳ, ಅಲ್ಲಿ ಎರಡು ಚೀಲಗಳು ಸಕ್ಕರೆ ಬೆರೆತ ರಸ ಕೊಡುತ್ತವೆ, ದಾರಿಗೆ ಬುತ್ತಿ, ಪ್ರಾಸ್ಟೇಟು ಗ್ರಂಥಿ ತನ್ನ ಪಾಲು ಹಾಕುತ್ತದೆ — ಬುತ್ತಿ ಕಟ್ಟಿ ಕಳಿಸುತ್ತದೆಯಲ್ಲ ಮೈ, ಎಂದು ಅವನು ಆ ದಿನ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬನೇ ನಿಂತುಬಿಟ್ಟಿದ್ದ, ಸುತ್ತ ಸಾವಿರ ಗಂಡಸರು ಇಳಿಯುತ್ತಿದ್ದರು, ಒಬ್ಬನಿಗೂ ತಾನು ಏನು ಹೊತ್ತುಕೊಂಡು ನಡೆದಿದ್ದೇನೆ ಎಂದು ಗೊತ್ತಿಲ್ಲ, ನನಗೆ ಗೊತ್ತಿದೆ ಎಂದು ಎದೆಯುಬ್ಬಿತ್ತು. ಅರವತ್ತೆಂಟನೆಯ ಇಸವಿಯಲ್ಲಿ ಸರ್ಟಿಫಿಕೇಟು, ಸೀಸೆ ತೊಳೆಯುವವನು ಸೀಸೆ ನೋಡುವವನಾದ, ಟೆಂಪರರಿಯಾಗಿ ಮೂರು ವರ್ಷ, ಮುಂದಿನ ತಿಂಗಳು ಪರ್ಮನೆಂಟು, ಆಗುತ್ತದೋ ಇಲ್ಲವೋ, ಘಾಟ್ಕೋಪರಿನ ಚಾಳಿನಲ್ಲಿ ಮಾತ್ರ ಈಗಲೂ ಅವನು ರಕ್ತ ತಪಾಸಣೆ ಮಾಡುವವನು, ಬೇರೆ ಏನು ತಪಾಸಣೆ ಮಾಡುತ್ತಾನೆಂದು ಅವ್ವ ಚನ್ನವ್ವನಿಗೆ ಯಾರು ಹೇಳಬೇಕು.

ಆ ಎದೆಯುಬ್ಬಿದ್ದೇ ತಪ್ಪಾಯಿತೇನೋ. ಯಾಕೆಂದರೆ ಮೊದಲ ಸಲ ಚೆನ್ನಯ ಬಂದಾಗ, ನಾಚಿ ಗೋಡೆ ನೋಡುತ್ತಾ ನಿಂತವನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ ಶಿವಪುತ್ರಪ್ಪನಿಗೆ ಮಾತು ಬಂದುಬಿಟ್ಟಿತ್ತು, ಇಲ್ಲಿ ಮರಾಠಿ ಹಿಂದಿ ಬಿಟ್ಟು ಬೇರೆ ಎಲ್ಲಿ, ಸೀಸೆ ಕೊಟ್ಟು ಕಳಿಸುವ ಬದಲು ಪಾಠ ಶುರು ಮಾಡಿದ್ದ: ನೋಡ್ರಿ ಚೆನ್ನಯನವರ, ದೇವರು ಎಲ್ಲಾನೂ ಮೈಯೊಳಗ ಇಟ್ಟು ಇದನ್ನೊಂದ ಯಾಕ ಹೊರಗ ತೂಗಬಿಟ್ಟಾನ, ಹೇಳ್ರಿ, ಅದಕ್ಕ ಮೈಯ ಕಾವು ಆಗಿಬರೂದಿಲ್ಲ, ಎರಡು ಮೂರು ಡಿಗ್ರಿ ತಂಪು ಬೇಕು, ಚಳಿಗೆ ಮ್ಯಾಲ ಎಳಕೋತದ, ಸೆಕಿಗೆ ಕೆಳಗ ಬಿಡತದ, ನೀವು ಹಗಲೆಲ್ಲ ದೋಸೆ ಕಲ್ಲಿನ ಮುಂದ ನಿಲ್ಲೂದು, ಮ್ಯಾಲ ಲಂಗೋಟಿ ಬಿಗಿ ಕಟ್ಟೂದು, ಸಡಿಲ ಚಡ್ಡಿ ಹಾಕ್ರಿ, ತಂಪು ಇರಬೇಕ್ರಿ ಅದಕ್ಕ, ತಂಪು. ಹೌದಾ ಡಾಕ್ಟ್ರೇ, ಅಂದಿದ್ದ ಚೆನ್ನಯ, ಡಾಕ್ಟ್ರೇ ಅಂದಾಗ ತಿದ್ದಬೇಕಿತ್ತು, ತಿದ್ದಲಿಲ್ಲ, ಒಂದು ಕ್ಷಣ ಆ ಮಾತನ್ನು ಹಾಗೇ ಇರಗೊಟ್ಟ. ನಾಲ್ಕು ದಿನ ಬಿಟ್ಟು ಚೆನ್ನಯ ಸೀಸೆ ತಂದ, ಶುಕ್ರವಾರ, ಕಿಟಕಿಯ ಮುಂದೆ ಹನ್ನೆರಡು ಜನ, ಶಿವಪುತ್ರಪ್ಪ ತೆಗೆದುಕೊಂಡ, ಫಾರ್ಮಿನಲ್ಲಿ ತಂದ ಬಗೆ ಎಂಬ ಅಂಕಣವನ್ನು ಖಾಲಿ ಬಿಟ್ಟ, ನೋಡಿದ, ಬೇಕಾದಷ್ಟಿವೆ, ಒಂದೂ ಅಲ್ಲಾಡುವುದಿಲ್ಲ, ಎಳ್ಳು ಚೆಲ್ಲಿದ ಹಾಗೆ ಬಿದ್ದಿವೆ, ಮೂರು ಸಲ ನೋಡಿದ, ಮೂರು ಸಲವೂ ಎಳ್ಳು. ಚಲನೆ ಶೂನ್ಯ ಎಂದು ಬರೆದ. ಡಾಕ್ಟರ್ ಮೇಡಂ, ತೂನೇ ಲಿಖಾ ಹೈ ತೋ ಠೀಕ್ ಹೀ ಹೋಗಾ, ನೀನು ಬರೆದ ಮೇಲೆ ಸರಿಯೇ ಇರುತ್ತದೆ, ಎಂದು ಸಹಿ ಹಾಕಿದರು. ಅವರ ಆ ನಂಬಿಕೆ! ಮಂಗಳವಾರ ಸಂಜೆ ಮನೆಗೆ ಹೋಗುವ ಲೋಕಲ್ಲಿನಲ್ಲಿ ಎದುರಿಗಿದ್ದವನ ಕೈಯಲ್ಲಿ ತಣ್ಣನೆಯ ಸೋಡಾ ಬಾಟ್ಲಿ, ಅದರ ಮೈಯೆಲ್ಲ ಬೆವರು, ಒಂದು ಹನಿ ಜಾರಿ ಶಿವಪುತ್ರಪ್ಪನ ಮಣಿಕಟ್ಟಿನ ಮೇಲೆ ಬಿತ್ತು — ಒದ್ದೆ, ಆ ಸೀಸೆ ಒದ್ದೆಯಿತ್ತು, ಒದ್ದೆಯಿತ್ತು ಮತ್ತು ಕೊರೆಯುತ್ತಿತ್ತು, ನನ್ನ ಅಂಗೈಗೆ ಗೊತ್ತಿತ್ತು, ನಾನು ಕೇಳಲಿಲ್ಲ. ಕುರ್ಲಾದಲ್ಲಿ ಇಳಿದ, ತಿರುಗಿ ದಾದರಿಗೆ ಬಂದ, ಅಲ್ಲಿಂದ ಅಂಧೇರಿ, ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿ ನಿಂತ. ಚೆನ್ನಯ ಕಲ್ಲಿನ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿ ಎಂಟು ದೋಸೆ ಎಳೆದ, ತಿರುಗಿ ನೋಡಿದ, ಸೀಸೆ ಹೇಗೆ ತಂದಿರಿ ಅಂದರೆ, ಹೇಗೆ ಅಂದರೆ ಎಂತದು, ಐಸಿನಲ್ಲಿ ಇಟ್ಟು ತಂದದ್ದು, ಡಬ್ಬಿಯಲ್ಲಿ ಐಸ್ ಒಡೆದು ಹಾಕಿ, ಮೇಲೆ ಗೋಣಿ ಸುತ್ತಿ, ಹಾಲಾದರೂ ಹಾಗೇ, ಹಿಟ್ಟಾದರೂ ಹಾಗೇ, ಇಲ್ಲದಿದ್ದರೆ ಈ ಬೊಂಬಾಯಿ ಸೆಕೆಗೆ ಹುಳಿ ಬರುವುದಿಲ್ವಾ, ಮತ್ತೆ ತಂಪು ಬೇಕು ತಂಪು ಬೇಕು ಅಂತ ನೀವೇ ಹೇಳಿದ್ದಲ್ವಾ. ನಾನೇ ಹೇಳಿದ್ದು. ಹುಟ್ಟುವ ಜಾಗಕ್ಕೆ ತಂಪು ಬೇಕು, ಹೊರಗೆ ಬಂದ ಮೇಲೆ ಬೆಚ್ಚಗಿರಬೇಕು, ಅರ್ಧ ಪಾಠ ಹೇಳಿ ಅರ್ಧ ನುಂಗಿದ್ದೆ. ಅಷ್ಟರಲ್ಲಿ ಶೂನ್ಯದ ಕಾಗದವನ್ನು ಗಲ್ಲಾದ ಮೇಲೆ ಕೂತ ಮ್ಯಾನೇಜರ್ ಓದಿ ಹೇಳಿಯಾಗಿತ್ತು, ಊರಿಗೆ ಪತ್ರ ಹೋಗಿಯಾಗಿತ್ತು, ವಾರಿಜಾ ನಾನು ಹೋಗುವುದಿಲ್ಲ ಅಂದಿದ್ದಳಂತೆ, ಆದರೆ ಮಾವ ಬಂದು ಕರೆದರೆ ನಮ್ಮಲ್ಲಿ ಹೋಗದೆ ಆಗುವುದಿಲ್ಲ, ಹೋಗಲಿ, ಅವಳ ಬಾಳನ್ನು ನಾನ್ಯಾಕೆ ಹಾಳು ಮಾಡಲಿ ಎಂದು ಚೆನ್ನಯ ದೋಸೆ ಮಗುಚಿದ, ಒಂದೂ ಕರಕಾಗಲಿಲ್ಲ, ಹೊಗೆಯಲ್ಲಿ ಅವನ ಕಣ್ಣು ಮಾತ್ರ ಕೆಂಪಾಗಿತ್ತು. ಅವಸರ ಮಾಡಬ್ಯಾಡ್ರಿ, ಇನ್ನೊಂದು ಸಲ ನೋಡೋಣು, ಐದು ದಿನ ತಡೀರಿ, ಸೋಮವಾರ ಬರ್ರಿ, ಹೊಟ್ಟಿಗೆ ಕಟ್ಟಿಕೊಂಡು ತರ್ರಿ. ಅಷ್ಟು ಹೇಳಿ ಬಂದ. ತಪ್ಪು ನನ್ನದು ಎಂದು ಮಾತ್ರ ಹೇಳಲಿಲ್ಲ, ಚೆನ್ನಯನಿಗೂ ಹೇಳಲಿಲ್ಲ, ಮೇಡಂಗೂ ಹೇಳಲಿಲ್ಲ, ಐದು ದಿನ ಅನ್ನದ ಜೊತೆ ಅದನ್ನೂ ನುಂಗಿದ.

ಹನ್ನೆರಡು ನಿಮಿಷ ಆಯಿತು. ಇವತ್ತೂ ಅವು ಅಲ್ಲಾಡದಿದ್ದರೆ — ಅಲ್ಲಾಡದಿದ್ದರೆ ಮೊದಲ ಕಾಗದವೇ ಸರಿ, ಐಸಿನ ಸುದ್ದಿ ಯಾರಿಗೂ ಬೇಡ, ಖಾಲಿ ಬಿಟ್ಟ ಅಂಕಣ ಯಾರೂ ನೋಡುವುದಿಲ್ಲ, ಮುಂದಿನ ತಿಂಗಳು ಪರ್ಮನೆಂಟು, ಛೇ, ಎಂಥ ಯೋಚನೆ, ಎಲ್ಲಿಂದ ಬಂತು ಇದು, ಒಳಗೆ ಒಂದು ಮೂಲೆಯಲ್ಲಿ ಅಲ್ಲಾಡದಿರಲಿ ಎಂದು ಯಾರೋ ಕೂತಿದ್ದಾನೆ, ಅವನೂ ನಾನೇ. ಸುಮ್ಮನಿರುವುದು ಹೊಸದೇನಲ್ಲ. ತನಗೆ ಎರಡನೆಯದೂ ಹೆಣ್ಣಾದಾಗ ಅವ್ವ ಬಾಣಂತಿ ಹೆಂಡತಿಯ ಮುಂದೆಯೇ, ನಿನ್ನ ಹೊಟ್ಯಾಗ ಗಂಡಿಗೆ ಜಾಗಾನ ಇಲ್ಲೇನ ಅಂಬವ್ವ, ಅಂದಿದ್ದಳು, ಅಂಬವ್ವ ಗೋಡೆಗೆ ಮುಖ ಮಾಡಿದ್ದಳು, ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ತಂದೆಯ ಪಾಲು, ಅರ್ಧದಷ್ಟು ಒಂದು ಬಗೆ, ಅರ್ಧದಷ್ಟು ಇನ್ನೊಂದು, ಯಾವುದು ಮೊದಲು ಮುಟ್ಟುತ್ತದೋ ಅದು, ತಾಯಿಯ ತಪ್ಪು ಏನೇನೂ ಇಲ್ಲ ಎಂದು ನಲವತ್ತು ಜನರ ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಿ ಶಾಭಾಸ್ ಅನ್ನಿಸಿಕೊಂಡವನು ಅವ್ವನ ಮುಂದೆ ಚಹಾ ಕುಡಿಯುತ್ತಾ ಕೂತಿದ್ದ, ಬಸಿ ಖಾಲಿಯಾದ ಮೇಲೂ ಕುಡಿಯುತ್ತಾ ಕೂತಿದ್ದ. ಅವ್ವನಿಗೆ ಹೇಳಬೇಕು, ಈ ಸಂಜೆಯೇ ಹೇಳಬೇಕು, ಅಂಬವ್ವ ಇರುವಾಗಲೇ. ಹದಿನೆಂಟು, ಹತ್ತೊಂಬತ್ತು, ಸೀಸೆ ತೆಗೆದ, ಓರೆ ಮಾಡಿದ, ನೀರಾಗಿದೆ, ನಳಿಗೆಯಿಂದ ಒಂದು ಹನಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ, ಮೇಲೆ ತೆಳುಗಾಜು, ಅವಸರಕ್ಕೆ ಗಾಜಿನಡಿ ಒಂದು ಗಾಳಿಗುಳ್ಳೆ ಸಿಕ್ಕಿತು, ಇರಲಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟ, ಮಸುಕು, ತಿರುಗಣೆ ತಿರುಗಿಸಿದ, ಮಸುಕು, ಇನ್ನಷ್ಟು, ನನ್ನ ಕಣ್ಣೇ ಸರಿಯಿಲ್ಲವೇನೋ, ಇನ್ನೊಂದು ಕೂದಲೆಳೆಯಷ್ಟು — ಎಂಥದೋ ಸರಕ್ಕನೆ ಹಾಯಿತು. ಇನ್ನೊಂದು. ಮತ್ತೆರಡು. ಇಡೀ ದುಂಡನೆಯ ಬೆಳಕು ಒಮ್ಮೆಗೇ ಎದ್ದು ನಡೆಯತೊಡಗಿದ ಹಾಗೆ, ನೂರಾರು, ಒಂದನ್ನು ಹಿಂಬಾಲಿಸುವಷ್ಟರಲ್ಲಿ ಇನ್ನೊಂದು, ಅಡ್ಡ, ಉದ್ದ, ಮಧ್ಯೆ ನುಗ್ಗಿ, ಬದುಕಿವೆ, ಬದುಕಿವೆ ಇವು, ಅಂಚಿನಲ್ಲಿ ಒಂದು ಆ ಗಾಳಿಗುಳ್ಳೆಗೆ ತಲೆ ಹಚ್ಚಿ, ದಾರಿಯಿಲ್ಲದಲ್ಲಿ ದಾರಿ ಕೇಳುತ್ತಾ, ಬಾಲ ಬಡಿಯುತ್ತಿದೆ, ಬಡಿಯುತ್ತಲೇ ಇದೆ. ಒಳಗಿನ ಮೂಲೆಯವನು ಎದ್ದು ಹೋಗಿದ್ದ. ಶಿವಪುತ್ರಪ್ಪ ನೂರು ಎಣಿಸಿದ, ಚಲಿಸುವವು ಅರವತ್ತೆರಡು, ಜಾಗ ಬದಲಿಸಿ ಮತ್ತೆ ನೂರು, ಅರವತ್ತು, ಮತ್ತೆ ನೂರು, ಅರವತ್ತಮೂರು, ಎಣಿಸುವಾಗಲೂ ಅಂಚಿನ ಅದೊಂದು, ಬಾಲ, ಬಾಲ, ಚೌಕ ಕೊರೆದ ಎಣಿಕೆಗಾಜಿನಲ್ಲಿ ಒಟ್ಟು ಲೆಕ್ಕ ಹಾಕಿದ, ಸೊನ್ನೆಗಳನ್ನು ಬೆರಳು ಮಡಚಿ ಮಡಚಿ ನೋಡಿದ, ಆ ಅರ್ಧ ಚಮಚೆಯಲ್ಲಿ ಹನ್ನೊಂದು ಕೋಟಿ.

ಎದ್ದ, ಮೇಡಂ ಕೋಣೆಗೆ ಹನ್ನೊಂದು ಹೆಜ್ಜೆ, ಪ್ರತಿ ಹೆಜ್ಜೆಗೂ ವಾಪಸು ಬರಬಹುದಿತ್ತು, ಹೊಸ ಕಾಗದವನ್ನಷ್ಟೇ ಇಟ್ಟು ಈ ಸಲ ಸುಧಾರಿಸಿದೆ ಮೇಡಂ ಎಂದರೆ ಮುಗಿಯುತ್ತಿತ್ತು, ಅವರು ಸಹಿ ಹಾಕುತ್ತಿದ್ದರು. ಕಾಯ್ ಶಿವಪುತ್ರ, ಝಾಲಂ ಕಾ, ಆಯಿತಾ, ಎಂದು ಕನ್ನಡಕ ಏರಿಸಿದರು ಮೇಡಂ. ಮೊದಲನೆಯ ರಿಪೋರ್ಟ್ ತಪ್ಪು ಮೇಡಂ, ಪೇಷಂಟ್ ಐಸಿನಲ್ಲಿ ಇಟ್ಟು ತಂದಿದ್ದ, ನಾನು ಕೇಳಲಿಲ್ಲ, ಅಂಕಣ ಖಾಲಿ ಬಿಟ್ಟೆ, ಐಸಿನಲ್ಲಿ ಇಡುವ ಹಾಗೆ ಅವನಿಗೆ ತಲೆ ತುಂಬಿದವನೂ ನಾನೇ, ಎಂದು ಮುರುಕು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ, ದನಿ ಯಾಕೋ ನಡುಗಲಿಲ್ಲ, ಅದು ಅವನಿಗೇ ಕೇಳಿಸಿತು. ಮೇಡಂ ಎದ್ದು ಬಂದು ತಾವೇ ಕಣ್ಣಿಟ್ಟು ನೋಡಿದರು. ಇದನ್ನೆಲ್ಲ ಬರೆದು ಕೊಡು, ನಿನ್ನ ಫೈಲಿಗೆ ಹೋಗುತ್ತದೆ, ಪರ್ಮನೆಂಟು ಆರು ತಿಂಗಳು ಮುಂದಕ್ಕೆ ಬಿದ್ದೀತು, ಮನೆಯಲ್ಲಿ ತಯಾರಾಗಿರು — ಬಾಗಿಲಲ್ಲಿ ನಿಂತು ತಿರುಗಿ, ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಂದರು, ಬೈದ ದನಿಯೂ ಅಲ್ಲ, ಹೊಗಳಿದ ದನಿಯೂ ಅಲ್ಲ, ಆರು ತಿಂಗಳು ಹೋದರೆ ಹೋಗಲಿ, ಶಿವಪುತ್ರಪ್ಪ ಆ ದನಿಯನ್ನು ಜೇಬಿನಲ್ಲಿಟ್ಟುಕೊಂಡ ಹಾಗೆ ಹೊರಗೆ ಬಂದು ಇಬ್ಬರನ್ನೂ ಕರೆದ. ಬರ್ರಿ ಒಳಗ, ನಾನು ಡಾಕ್ಟರ್ ಅಲ್ಲರಿ, ಲ್ಯಾಬಿನವ, ಮೊದಲನೇ ಕಾಗದ ತಪ್ಪು, ತಪ್ಪು ನಂದು, ಬರೇ ಮಾತು ನಂಬಬ್ಯಾಡ್ರಿ, ನೀವ ನೋಡ್ರಿ. ಚೆನ್ನಯ ಬಗ್ಗಿದ, ಮುಚ್ಚಬೇಕಾದ ಕಣ್ಣು ಬಿಟ್ಟು ಬಿಡಬೇಕಾದದ್ದನ್ನು ಮುಚ್ಚಿದ, ಸರಿಮಾಡಿಕೊಂಡ, ದೋಸೆಯ ಕಾವಿಗೆ ಕಪ್ಪಾದ ಮೊಣಕೈಯನ್ನು ಮೇಜಿಗೆ ಊರಿದ, ಇದೆಲ್ಲ, ಇದೆಲ್ಲ ನನ್ನದಾ, ಅಂದ, ಹೌದ್ರಿ ನಿಮ್ಮವು, ಒಂದು ಗೋಡೆಗೆ ಹಾಯ್ತಾ ಉಂಟಲ್ಲ ಮಾರಾಯ್ರೆ, ಪಾಪ, ಅಂದ, ಹೌದು ಅದೇ, ಅಂಚಿನದು, ಬಾಲ. ಸರಿ ಅತ್ಲಾಗಿ, ನಾನೂ ನೋಡುತ್ತೇನೆ, ಎಂದು ದೂಜ ಅಳಿಯನ ಭುಜ ಹಿಡಿದು ಬದಿಗೆ ಸರಿಸಿದ, ಬಹಳ ಹೊತ್ತು ಬಗ್ಗಿಯೇ ಇದ್ದ, ಮಳೆ ಬಿದ್ದ ಗದ್ದೆಗೆ ಹತ್ತಿದ ಮೀನಿನ ಮರಿಗಳ ಹಾಗೆ ಉಂಟು, ಎಷ್ಟುಂಟು ಇದು, ಅಂದ, ಹನ್ನೊಂದು ಕೋಟಿ ರೀ, ಹನ್ನೊಂದಾ, ನಮಗೆ ಒಂದು ಸಾಕಲ್ಲ. ಹಾಗಾದರೆ ಮಗು ಆಗುತ್ತದೆ ಅಂತ ಬರೆದು ಕೊಡಿ. ಅದನ್ನ ಯಾರೂ ಬರೆದು ಕೊಡಾಕ ಆಗೂದಿಲ್ಲರಿ ಹಿರಿಯರ, ಇವರ ಕಡೆ ಕೊರತಿ ಕಾಣೂದಿಲ್ಲ, ಅಷ್ಟ ಬರೀತೀನಿ, ವಾರಿಜಾ ತಂಗೀನ್ನೂ ಒಮ್ಮೆ ಇಲ್ಲಿ ಡಾಕ್ಟರಿಗೆ ತೋರಿಸ್ರಿ, ಆಮ್ಯಾಲ ದಿನ ಕೊಡ್ರಿ ಅವರಿಗೆ. ದೂಜ ಪಂಚೆ ಸರಿಮಾಡಿಕೊಂಡ, ಕಿಟಕಿಯಾಚೆ ಮಿಲ್ಲಿನ ಚಿಮಣಿ ನೋಡಿದ, ಆಮೇಲೆ ಚೆನ್ನಯನ ಕಡೆ ತಿರುಗದೆಯೇ, ಊರಿಗೆ ಎರಡು ಟಿಕೇಟು ಮಾಡಿಸಿದ್ದೆನಲ್ಲ ಮಾರಾಯ, ಒಂದನ್ನು ವಾಪಸು ತಗೊಳ್ತಾರಾ ಅವರು, ಕೇಳಬೇಕು, ನಡಿ, ಅಂದ. ಚೆನ್ನಯ ನಡೆಯಲಿಲ್ಲ, ಶಿವಪುತ್ರಪ್ಪನ ಎರಡೂ ಕೈಗಳನ್ನು ಹಿಡಿದ, ಹಿಟ್ಟಿನ ಹುಳಿವಾಸನೆಯ ಆ ಕೈ, ಬಿಟ್ಟ, ಹೋದ. ಹೋದರು. ಈಗ ಬರೆಯಬೇಕು, ಕಾಗದ ಎಳೆದುಕೊಂಡ, ಮೊದಲ ವರದಿ ತಪ್ಪಾಗಿದ್ದು ಇಂಥವನಿಂದ, ಕೆಳಗೆ ತನ್ನ ಪೂರ್ತಿ ಹೆಸರು, ಇಷ್ಟು ದುಂಡಗೆ ಎಂದೂ ಬರೆದಿರಲಿಲ್ಲ, ಒತ್ತು ಸರಿಯಾಗಿದೆಯೇ, ಸರಿಯಾಗಿದೆ, ಇನ್ನೊಂದು ಸಲ, ಬರೀ ಇನ್ನೊಂದು ಸಲ ಎಂದು ಕಣ್ಣಿಟ್ಟ, ಹನಿ ಅಂಚಿನಿಂದ ಒಣಗುತ್ತಿದೆ, ಬಹಳಷ್ಟು ದಣಿದಿವೆ, ಗುಳ್ಳೆ ಸಣ್ಣದಾಗಿದೆ, ಅದರ ಬದಿಯಲ್ಲಿ ಕೂದಲೆಳೆಯಷ್ಟು ದಾರಿ ಬಿಟ್ಟಿದೆ, ಅದೊಂದು ತಲೆ ಹೊರಳಿಸಿತು, ತಿರುಗಿತು, ತೂರಿತು, ಬಾಲ, ಬೆಳಕಿನೊಳಗೆ ಬಾಲ, ಬಾಲ —